ಜಾಲದ ಸಂತೆಯಿಂದ ಒಂದು ಚೀಲ

ಸಂತೆಗೆ ಹೋದವರು ಬರಿಗೈಯಲ್ಲಿ ಬರಬಾರದು ಎಂಬುದು ನಮ್ಮ ಹಳ್ಳಿಗಳ ಅಲಿಖಿತ ನಿಯಮ. ಉಪ್ಪು, ಮೆಣಸಿನಕಾಯಿಯ ಜೊತೆಗೆ ಮಕ್ಕಳಿಗಾಗಿ ಒಂದಿಷ್ಟು ಮಂಡಕ್ಕಿ, ಬೆಂಡು ಬತ್ತಾಸು ಇರಲೇಬೇಕು. ನಾವು ನಾಲ್ಕೈದು ಮಂದಿ ಗೆಳೆಯರು ಅಂತರ್ಜಾಲದ ಸಂತೆಗೂ ಇದೇ ನಿಯಮ ಹಾಕಿಕೊಂಡಿದ್ದೇವೆ. ತಿಂಗಳಿಗೊಮ್ಮೆ ಸೇರಿದಾಗ ಪ್ರತಿಯೊಬ್ಬರೂ ತಾವು ಅಲ್ಲಿ ಕಂಡ ಒಂದು ಸೋಜಿಗವನ್ನು ಉಳಿದವರ ಮುಂದಿಡಬೇಕು. ಷರತ್ತು ಎರಡೇ. ತಂದವರು ಅದನ್ನು ಪೂರ್ತಿಯಾಗಿ ಓದಿರಬೇಕು. ಅದು ಯಾರದು, ಎಲ್ಲಿಂದ ಬಂತು ಎಂದು ಕೇಳಿದರೆ ಉತ್ತರಿಸಲು ಬರಬೇಕು. ಈ ಸಲದ ಚೀಲವನ್ನು ಓದುಗರ ಮುಂದೆಯೂ ಬಿಚ್ಚುತ್ತಿದ್ದೇವೆ.

ಮೊದಲು ಹೊರಬಂದದ್ದು ನಗೆ ತರಿಸುವ ಸಂಗತಿ. ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಪ್ರಯೋಗಾಲಯದಲ್ಲಿ ಎಲ್ಲರಿಗೂ ಸೇರಿ ಒಂದೇ ಕಾಫಿ ಪಾತ್ರೆ ಇತ್ತು. ದೂರದ ಕೋಣೆಗಳಲ್ಲಿ ಕುಳಿತವರು ಎದ್ದು ಬರುವಷ್ಟರಲ್ಲಿ ಅದು ಖಾಲಿ! ಈ ಸಂಕಟಕ್ಕೆ ಅವರು 1991ರಲ್ಲಿ ಪಾತ್ರೆಯ ಮುಂದೆ ಒಂದು ಕ್ಯಾಮೆರಾ ಇಟ್ಟು, ಕಾಫಿ ಎಷ್ಟಿದೆ ಎಂಬುದು ತಮ್ಮ ತಮ್ಮ ಮೇಜಿನ ಮೇಲೆಯೇ ಕಾಣುವಂತೆ ಮಾಡಿಕೊಂಡರು. 1993ರಲ್ಲಿ ಆ ಚಿತ್ರ ಜಾಲಕ್ಕೆ ಬಂತು. ಜಗತ್ತಿನ ಮೂಲೆಮೂಲೆಯ ಜನ ಕೇಂಬ್ರಿಡ್ಜಿನ ಕಾಫಿ ಇಣುಕಿ ನೋಡತೊಡಗಿದರು. 2001ರಲ್ಲಿ ಕ್ಯಾಮೆರಾ ನಿಂತಾಗ ಆ ಹಳೆಯ ಪಾತ್ರೆ 3,350 ಪೌಂಡುಗಳಿಗೆ ಹರಾಜಾಯಿತು. ಜಾಲದ ಮೊದಲ ಕ್ಯಾಮೆರಾ ಹುಟ್ಟಿದ್ದು ಒಂದು ಲೋಟ ಕಾಫಿಗಾಗಿ ಎಂದರೆ ನಮ್ಮ ಮಲೆನಾಡಿನವರು ಖಂಡಿತ ಒಪ್ಪುತ್ತಾರೆ.

ಅದೇ ಕೇಂಬ್ರಿಡ್ಜಿನ ಗ್ರಂಥಾಲಯದಿಂದ ಬಂದದ್ದು ಎರಡನೆಯ ಸರಕು. ಹಳೆಯ ಕೈರೋದ ಯಹೂದಿ ಪ್ರಾರ್ಥನಾ ಮಂದಿರವೊಂದರಲ್ಲಿ ಒಂದು ಕೋಣೆಯಿತ್ತು. ದೇವರ ಹೆಸರಿರಬಹುದಾದ ಕಾಗದವನ್ನು ಕಸಕ್ಕೆ ಎಸೆಯಬಾರದೆಂದು ಜನ ಶತಮಾನಗಳ ಕಾಲ ಹಳೆಯ ಹಾಳೆಗಳನ್ನೆಲ್ಲ ಅಲ್ಲಿ ಹಾಕುತ್ತ ಬಂದರು. ಕಾಲಿಗೆ ತಾಗಿದ ಕಾಗದವನ್ನು ಎತ್ತಿ ಕಣ್ಣಿಗೊತ್ತಿಕೊಳ್ಳುವ ನಮಗೆ ಇದು ಅರ್ಥವಾಗದ ಮಾತಲ್ಲ. 1896-97ರಲ್ಲಿ ವಿದ್ವಾಂಸ ಸಾಲೊಮನ್ ಶೆಕ್ಟರ್ ಆ ರಾಶಿಯ ದೊಡ್ಡ ಪಾಲನ್ನು ಕೇಂಬ್ರಿಡ್ಜಿಗೆ ಸಾಗಿಸಿದರು. ಈಗ ಅದರ ಚಿತ್ರಗಳನ್ನು ಯಾರು ಬೇಕಾದರೂ ಮನೆಯಲ್ಲೇ ಕುಳಿತು ನೋಡಬಹುದು.

ಆ ಕೋಣೆಯಿಂದ ಸಿಕ್ಕ ಕಾಗದಗಳಲ್ಲಿ ನಮ್ಮ ಮಂಗಳೂರು ಇದೆ! ಅಬ್ರಹಾಂ ಬೆನ್ ಯಿಜು ಎಂಬ ಟ್ಯುನೀಸಿಯಾ ಮೂಲದ ಯಹೂದಿ ವ್ಯಾಪಾರಿ 1132ರ ಸುಮಾರಿನಿಂದ 1149ರವರೆಗೆ ಮಂಗಳೂರು ಮತ್ತು ಅದರ ಆಸುಪಾಸಿನ ಕರಾವಳಿಯಲ್ಲಿ ನೆಲೆಸಿದ್ದ. ಏಡನ್ನಿನ ಗೆಳೆಯರೊಡನೆ ಅವನ ಪತ್ರವ್ಯವಹಾರ ಅರಬ್ಬಿ ಭಾಷೆಯಲ್ಲಿ, ಹೀಬ್ರೂ ಲಿಪಿಯಲ್ಲಿ. ಇಲ್ಲಿಂದ ಅಡಿಕೆ, ಏಲಕ್ಕಿ, ಮೆಣಸು, ಕಬ್ಬಿಣ ಹೋಗುತ್ತಿತ್ತು. ಅಲ್ಲಿಂದ ಕಾಗದ, ಸಕ್ಕರೆ, ಒಣದ್ರಾಕ್ಷಿ ಬರುತ್ತಿತ್ತು. 1132ರಲ್ಲಿ ಅವನು ಅಶು ಎಂಬ ದಾಸಿಗೆ ಮಂಗಳೂರಿನಲ್ಲಿ ಬರೆದುಕೊಟ್ಟ ಬಿಡುಗಡೆ ಪತ್ರವೂ ಉಳಿದಿದೆ. ಅವನ ಮಕ್ಕಳ ತಾಯಿ ಈಕೆಯೇ ಎಂದು ವಿದ್ವಾಂಸರು ಊಹಿಸುತ್ತಾರೆ. ಏಡನ್ನಿನ ವ್ಯಾಪಾರಿಯೊಬ್ಬ ಪತ್ರದಲ್ಲಿ ಬೆನ್ ಯಿಜುವಿನ ದಾಸನಿಗೂ ಮರೆಯದೆ ವಂದನೆ ಹೇಳಿದ್ದಾನೆ. ಆ ದಾಸನ ಹೆಸರನ್ನು ಬೊಮ್ಮ ಎಂದು ಓದಿ, ಅವನ ಜಾಡು ಹಿಡಿದು ಲೇಖಕ ಅಮಿತಾವ್ ಘೋಷ್ 1992ರಲ್ಲಿ ಒಂದು ಇಡೀ ಪುಸ್ತಕ ಬರೆದರು. ರಾಜರ ಶಾಸನಗಳಲ್ಲಿ ಬೊಮ್ಮನಂಥವರಿಗೆ ಜಾಗವಿರಲಿಲ್ಲ. ವ್ಯಾಪಾರದ ಕಾಗದದಲ್ಲಿ ಸಿಕ್ಕಿತು.

ಮೂರನೆಯದು ಒಂದು ನಕಾಶೆ. ಬೆನ್ ಯಿಜು ಮಂಗಳೂರಿನಲ್ಲಿದ್ದ ದಿನಗಳಲ್ಲೇ ಸಿಸಿಲಿಯ ಕ್ರೈಸ್ತ ದೊರೆ ಎರಡನೇ ರೋಜರನ ಆಸ್ಥಾನದಲ್ಲಿ ಮುಸ್ಲಿಂ ಭೂಗೋಳಜ್ಞ ಅಲ್ ಇದ್ರೀಸಿ ಜಗತ್ತಿನ ನಕಾಶೆ ರಚಿಸುತ್ತಿದ್ದರು. ಕೆಲಸ ಮುಗಿದದ್ದು 1154ರಲ್ಲಿ. ಅದರ ಹಳೆಯ ಪ್ರತಿಯೊಂದನ್ನು ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯ ಜಾಲದಲ್ಲಿಟ್ಟಿದೆ. ಅದರಲ್ಲಿ ದಕ್ಷಿಣ ಮೇಲೆ, ಉತ್ತರ ಕೆಳಗೆ. ಮೊದಲು ನೋಡಿದಾಗ ಲೋಕವೇ ತಲೆಕೆಳಗಾದಂತೆ ಕಾಣುತ್ತದೆ. ಸ್ವಲ್ಪ ಹೊತ್ತು ನೋಡಿದರೆ, ಉತ್ತರವೇ ಮೇಲಿರಬೇಕೆಂದು ಯಾರು ಹೇಳಿದರು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ.

ನಾಲ್ಕನೆಯದು ಅಪ್ಪಟ ನಮ್ಮದು. ಬಾಸೆಲ್ ಮಿಷನ್ನಿನ ಕಿಟೆಲರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದೂ ಈಗ ಜಾಲದಲ್ಲಿದೆ. ಅದರ ಪಕ್ಕದಲ್ಲಿಡಬೇಕಾದದ್ದು ‘ಅಲರ್’. ವಿ. ಕೃಷ್ಣ ಅವರು ಸುಮಾರು ನಾಲ್ಕು ದಶಕ ಕೂಡಿಸಿದ ಒಂದೂವರೆ ಲಕ್ಷ ಕನ್ನಡ ಪದಗಳ ನಿಘಂಟು ಅದು. 2019ರಲ್ಲಿ ತಂತ್ರಜ್ಞ ಕೈಲಾಶ್ ನಾಧ್ ಅವರ ನೆರವಿನಿಂದ ಎಲ್ಲರಿಗೂ ಉಚಿತವಾಗಿ ತೆರೆದುಕೊಂಡಿತು. ಒಬ್ಬ ಮನುಷ್ಯ ತನ್ನ ಆಯುಷ್ಯದ ಅರ್ಧವನ್ನು ಪದಗಳಿಗೆ ಕೊಟ್ಟು, ಕೊನೆಗೆ ಅದನ್ನು ದಾನ ಮಾಡಿದ್ದಾರೆ.

ಇಷ್ಟೂ ಸರಕನ್ನು ಒಟ್ಟಿಗೆ ಹರವಿದಾಗ ನಮಗೆ ಕಂಡದ್ದು ಒಂದೇ. ಇವೆಲ್ಲ ಯಾರೋ ಎಸೆಯದೆ ಕಾಪಾಡಿದ್ದರಿಂದ ಉಳಿದವು. ಜಾಲದಲ್ಲಿರುವುದು ಶಾಶ್ವತ ಎಂಬುದು ಭ್ರಮೆ. ಲಕ್ಷಾಂತರ ಜನರ ಪುಟಗಳಿದ್ದ ಜಿಯೋಸಿಟೀಸ್ ಅಮೆರಿಕದಲ್ಲಿ 2009ಕ್ಕೆ ಮುಚ್ಚಿತು. ನಮ್ಮ ಹುಡುಗರು ಹಗಲಿರುಳು ಹರಟಿದ ಆರ್ಕುಟ್ 2014ಕ್ಕೆ ಬಾಗಿಲು ಹಾಕಿತು. ಹಳೆಯ ಪುಟಗಳನ್ನು ಕಾಪಿಡುವ ಇಂಟರ್‌ನೆಟ್ ಆರ್ಕೈವ್ ಕೂಡ 2024ರಲ್ಲಿ ದಾಳಿಗೆ ಸಿಕ್ಕಿ ಕೆಲವು ದಿನ ಸ್ತಬ್ಧವಾಗಿತ್ತು. ಕೈರೋದ ಕೋಣೆಗೆ ಶತಮಾನಗಳ ಆಯುಷ್ಯ. ನಮ್ಮ ಕೋಣೆಗಳಿಗೆ ಹತ್ತು ವರ್ಷವೂ ಕಷ್ಟ.

ಇನ್ನೊಂದು ಮಾತು ಹೇಳದೆ ಚೀಲ ಮಡಚುವಂತಿಲ್ಲ. ಹಂಚುವುದೆಲ್ಲ ಒಳ್ಳೆಯದೇನಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಗೆ ಗೆಳೆಯರೊಡನೆ ಬಂದಿದ್ದ ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರನ್ನು ಮುರ್ಕಿ ಎಂಬಲ್ಲಿ ಗುಂಪು ಹೊಡೆದು ಕೊಂದಿತು. ಅವರ ಜೊತೆಗಿದ್ದವರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು. ಮಕ್ಕಳ ಕಳ್ಳರೆಂಬ ಸುದ್ದಿ ಅವರ ಕಾರಿಗಿಂತ ಮೊದಲೇ ವಾಟ್ಸಾಪಿನಲ್ಲಿ ಮುಂದಿನೂರು ತಲುಪಿತ್ತು. ಅದನ್ನು ಮುಂದಕ್ಕೆ ತಳ್ಳಿದವರಲ್ಲಿ ಎಷ್ಟು ಮಂದಿ, ಇದು ಎಲ್ಲಿಂದ ಬಂತು ಎಂದು ಕೇಳಿದ್ದರು? ಸಂದೇಶವೊಂದನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳಿಸುವ ಮಿತಿಯನ್ನು ಕಂಪೆನಿ ಆ ತಿಂಗಳು ಭಾರತದಲ್ಲಿ ಪ್ರಕಟಿಸಿತು. ಆದರೆ ಒಂದು ಜೀವ ತೆಗೆಯಲು ಐದು ಬೇಕಿಲ್ಲ, ಒಂದೇ ಸಾಕು.

ಅದಕ್ಕೇ ನಮ್ಮ ಎರಡು ಷರತ್ತುಗಳನ್ನು ನಾವು ಸಡಿಲಿಸಿಲ್ಲ. ಯಾವ ಗಡಿಬಿಡಿಯೂ ಇಲ್ಲದೆ ಏಡನ್ನಿನಿಂದ ಸಮುದ್ರ ದಾಟಿ ಬಂದ ಪತ್ರದಲ್ಲಿ ಬರೆದವನ ಹೆಸರಿತ್ತು, ಕಳಿಸಿದ ಸಾಮಾನಿನ ಲೆಕ್ಕವಿತ್ತು, ಬೊಮ್ಮನಿಗೊಂದು ವಂದನೆಯಿತ್ತು. ಹೆಸರಿಲ್ಲದ, ಲೆಕ್ಕವಿಲ್ಲದ, ಯಾರಿಗೂ ವಂದನೆ ಹೇಳದ ಸಂದೇಶ ನಿಮ್ಮ ಕೈಗೆ ಬಂದರೆ, ಅದು ನಿಮ್ಮಲ್ಲೇ ನಿಲ್ಲಲಿ. ಬೇರೆಯವರಿಗೆ ಕಳಿಸಲು ಅಲರ್‌ನ ಒಂದು ಪದವಾದರೂ ಸಿಕ್ಕೀತು.