ಪ್ರಶ್ನವೆಂಬ ಪರೀಕ್ಷೆ

ರೋಗಿಯನ್ನು ಪರೀಕ್ಷಿಸಲು ದರ್ಶನ, ಸ್ಪರ್ಶನ, ಪ್ರಶ್ನ ಎಂಬ ಮೂರು ದಾರಿಗಳನ್ನು ವಾಗ್ಭಟನು ಹೇಳಿರುವನು. ಮೂರರಲ್ಲಿ ಪ್ರಶ್ನವೇ ಕಠಿನವಾದುದು.

ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತುಂಬು ಬಿಡಿಸಿ ಜೀವಿಸುವ ಮುದುಕಿಯೊಬ್ಬಳು ಹಾವೇರಿಯ ಆಸ್ಪತ್ರೆಗೆ ಬರುವಳು. “ದಮ್ಮು ಐತೇನು?” ಎಂದು ನಿಂತಲ್ಲಿಂದಲೇ ಕೇಳಿದವರಿಗೆ, “ಘಾಟಿನ ಕೆಮ್ಮರೀ, ಮತ್ತೇನಿಲ್ಲ” ಎನ್ನುವಳು. ಕೂಲಿ ತಪ್ಪೀತೆಂಬ ಭಯವು ಅವಳ ಬಾಯನ್ನು ಕಟ್ಟಿರುವುದು.

ರಾಣೇಬೆನ್ನೂರ ಕಡೆಯಲ್ಲಿ ಬೆಳೆದ ನರ್ಸಬಾಯಿಯಾದರೋ ಬಳಿಯಲ್ಲಿ ಕುಳಿತು, “ರಾತ್ರಿ ಹೆಂಗ ಮಲಗ್ತೀ, ಆಯೀ?” ಎಂದು ಕೇಳಿ ಸುಮ್ಮನಾಗುವಳು.

“ಎಲ್ಲಿ ಮಲಗೂದವ್ವಾ! ಅಡ್ಡಾದ್ರ ಉಸರು ಕಟ್ಟತೈತಿ. ಗ್ವಾಡಿಗೆ ಆತು ಕುಂದರ್ತೀನಿ.”

ಆಗ ನರ್ಸಬಾಯಿಯು ಅವಳ ಕಾಲನ್ನು ನೋಡುವಳು. ಒತ್ತಿದ ಬೆರಳಿನ ಕುಳಿಯು ಬಾವಿನಲ್ಲಿ ಹಾಗೆಯೇ ಉಳಿಯುವುದು. ಪೂರ್ಣ ಒಂದು ನಿಮಿಷ ಉಸಿರೆಣಿಸುವಳು. 12ರಿಂದ 20 ಇರಬೇಕಾದುದು 30 ಇರುವುದು. ಮುದುಕಿಯ ಮಾತನ್ನು ಅವಳ ನುಡಿಯಲ್ಲಿಯೇ ವೈದ್ಯರಿಗೆ ತಿಳಿಸುವಳು. ಕೆಮ್ಮಿನ ಔಷಧದೊಡನೆ ಮನೆಗೆ ಮರಳಬಹುದಾಗಿದ್ದವಳಿಗೆ ಹೃದಯದ ಪರೀಕ್ಷೆಯು ಅಂದೇ ಆಗುವುದು.

ಪರಿಚಾರಕರಿಗೆ ಚರಕನು ವಿಧಿಸಿದ ನಾಲ್ಕು ಗುಣಗಳಲ್ಲಿ ದಾಕ್ಷ್ಯದೊಡನೆ ಅನುರಾಗವೂ ಒಂದು. ಅದು ಸವಿನುಡಿ ಮಾತ್ರವಲ್ಲ. ಕೇಳಿದ ಮೇಲೆ ಉತ್ತರ ಬರುವ ತನಕ ಕಾದಿರುವ ತಾಳ್ಮೆಯೂ ಹೌದು. ಆ ತಾಳ್ಮೆಯಿಲ್ಲದೆಡೆ ಕಣ್ಣು ಕೈಗಳೆರಡೂ ಎಲ್ಲಿ ಅರಸಬೇಕೆಂಬುದನ್ನೇ ಅರಿಯವು.