ಫೆಸ್ ನಗರದ ಎರಡು ದಾರಿಗಳು



ವಿದೇಶದಲ್ಲಿ ಓದು ಎಂದಾಗ ನಮ್ಮ ಕಣ್ಣ ಮುಂದೆ ಬರುವುದು ಇಪ್ಪತ್ತರ ಹರೆಯದ ಹುಡುಗರು. ಮಕ್ಕಳಿಬ್ಬರನ್ನು ತಾಯಿಮನೆಯಲ್ಲಿ ಬಿಟ್ಟು, ಕೈಯಲ್ಲಿದ್ದ ಎರಡು ಬಳೆ ಮಾರಿ, ಆರು ವಾರಗಳ ಮಟ್ಟಿಗೆ ಮತ್ತೆ ಬೆಂಚಿನಲ್ಲಿ ಕುಳಿತ ಮದ್ರಸ ಶಿಕ್ಷಕಿಯೊಬ್ಬಳ ಚಿತ್ರ ಖಂಡಿತ ಬರಲಾರದು. 2019ರ ಬೇಸಿಗೆ ರಜೆಯಲ್ಲಿ ನಾನು ಹೋದದ್ದು ಹಾಗೆಯೇ. ಮೊರೊಕ್ಕೊ ದೇಶದ ಫೆಸ್ ನಗರಕ್ಕೆ, ಅರಬಿ ಮಾತನಾಡಲು ಕಲಿಯುವುದಕ್ಕೆ.

ಮದ್ರಸದಲ್ಲಿ ಕಲಿತವಳಿಗೆ ಅರಬಿ ಬಾರದೇ ಎಂದು ನೀವು ಕೇಳಬಹುದು. ಓದಲು ಬರುತ್ತದೆ, ವ್ಯಾಕರಣ ಬರುತ್ತದೆ, ಅರ್ಥ ಹೇಳಲು ಬರುತ್ತದೆ. ಆದರೆ ವರ್ಷಗಟ್ಟಲೆ ಮಕ್ಕಳಿಗೆ ಕಲಿಸಿದ ಆ ಭಾಷೆಯಲ್ಲಿ ತರಕಾರಿಯವನೊಡನೆ ಚೌಕಾಸಿ ಮಾಡಲು ಬರುತ್ತಿರಲಿಲ್ಲ. ನಾಲಗೆ ತಡವರಿಸುತ್ತಿತ್ತು. ಆ ತಡವರಿಕೆಯನ್ನು ನೀಗಿಸಲು ನನಗೆ ಸಿಕ್ಕಿದ್ದು ಆರೇ ವಾರ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಹೇಳುವ ವಿಷಯಕ್ಕೆ ಇದು ಬೇಕಾಗುತ್ತದೆ.

ಬೆಂಗಳೂರಿನಿಂದ ಕೊಲ್ಲಿಯ ಮೂಲಕ ಕಾಸಾಬ್ಲಾಂಕಾ, ಅಲ್ಲಿಂದ ರೈಲಿನಲ್ಲಿ ಸುಮಾರು ನಾಲ್ಕು ಗಂಟೆಯ ಪಯಣ. ನಮ್ಮ ಮನೆಯವರು ಜೊತೆಗೆ ಬಂದು, ನಾನು ಉಳಿಯಬೇಕಿದ್ದ ಮನೆಯ ಹಿರಿಯ ಹೆಂಗಸಿನ ಸುಪರ್ದಿಗೆ ನನ್ನನ್ನು ಒಪ್ಪಿಸಿ, ಒಂದು ವಾರವಿದ್ದು ಮರಳಿದರು. ಅಲ್ಲಿ ಹಿರಿಯ ಹೆಂಗಸರನ್ನು ಗೌರವದಿಂದ 'ಲಲ್ಲಾ' ಎಂದು ಕರೆಯುತ್ತಾರೆ. ಆಕೆ ನನಗೂ ಲಲ್ಲಾ ಆದರು.

ಬಾಲಕ್! ಬಾಲಕ್!

ಫೆಸ್‌ನ ಹಳೆಯ ನಗರಕ್ಕೆ ವಾಹನ ಪ್ರವೇಶವಿಲ್ಲ. ಕೆಂಪು ಬಣ್ಣದ ಪುಟ್ಟ ಟ್ಯಾಕ್ಸಿ ನಿಮ್ಮನ್ನು ಕೋಟೆ ಬಾಗಿಲಿನ ಹೊರಗೇ ಇಳಿಸುತ್ತದೆ. ಬಾಬ್ ಬೂಜಲೂದ್ ಎಂಬ ಆ ಬಾಗಿಲನ್ನು 1913ರಲ್ಲಿ ಕಟ್ಟಿದ್ದು. ಹೊರಗಿನಿಂದ ನೋಡಿದರೆ ನೀಲಿ ಹೆಂಚಿನ ಅಲಂಕಾರ, ಒಳಗೆ ಹೋಗಿ ತಿರುಗಿ ನೋಡಿದರೆ ಹಸಿರು. ಅಲ್ಲಿಂದ ಒಳಗೆ ಸಾವಿರಾರು ಓಣಿಗಳು. ಕೆಲವು ಎಷ್ಟು ಕಿರಿದೆಂದರೆ ಎದುರಿನಿಂದ ಬಂದವರಿಗೆ ದಾರಿ ಬಿಡಲು ಗೋಡೆಗೆ ಒರಗಿ ನಿಲ್ಲಬೇಕು. ಈ ಹಳೆಯ ನಗರವನ್ನು ಯುನೆಸ್ಕೋ 1981ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಹಿಂದಿನಿಂದ "ಬಾಲಕ್! ಬಾಲಕ್!" ಎಂಬ ಕೂಗು ಕೇಳಿಸಿದರೆ ಯಾರೋ ಹುಡುಗನನ್ನು ಕರೆಯುತ್ತಿದ್ದಾರೆಂದು ಭಾವಿಸಿ ನಿಲ್ಲಬೇಡಿ. 'ಜಾಗ್ರತೆ, ದಾರಿ ಬಿಡಿ' ಎಂದು ಅದರ ಅರ್ಥ. ಮರುಕ್ಷಣವೇ ತೊಗಲಿನ ಹೊರೆಯನ್ನೋ ಗ್ಯಾಸ್ ಸಿಲಿಂಡರನ್ನೋ ಹೊತ್ತ ಕತ್ತೆ ನಿಮ್ಮನ್ನು ಸವರಿಕೊಂಡು ಹೋಗುತ್ತದೆ. ನಾನು ಹೋದಾಗ ವಸಂತ ಕಾಲ. ಕಿತ್ತಳೆ ಹೂವಿನಿಂದ ಪನ್ನೀರಿನಂತಹ ಸುಗಂಧದ ನೀರನ್ನು ಭಟ್ಟಿ ಇಳಿಸುವ ದಿನಗಳವು. ಒಂದು ತಿರುವಿನಲ್ಲಿ ಹೂವಿನ ಘಮ, ಇನ್ನೊಂದು ತಿರುವಿನಲ್ಲಿ ಜೀರಿಗೆ, ಮತ್ತೊಂದರಲ್ಲಿ ಆಗ ತಾನೇ ಬೆಂದ ರೊಟ್ಟಿ. ತೊಗಲು ಹದ ಮಾಡುವ ಶುವಾರಾದ ತೊಟ್ಟಿಗಳ ಬಳಿ ಮಾತ್ರ ಮೂಗು ಮುಚ್ಚಿಕೊಳ್ಳಬೇಕು. ಸುಣ್ಣ ಮತ್ತು ಪಾರಿವಾಳದ ಹಿಕ್ಕೆಯಲ್ಲಿ ತೊಗಲನ್ನು ನೆನೆಸಿಡುವ ಜಾಗ ಅದು. ಬಂದವರ ಕೈಗೆ ಪುದೀನ ಸೊಪ್ಪು ಕೊಡುತ್ತಾರೆ, ಮೂಗಿಗೆ ಹಿಡಿದುಕೊಳ್ಳಲು.

ಪಕ್ಕದ ಬೆಂಚಿನ ಸಹಪಾಠಿ

ನಮ್ಮ ತರಗತಿ ನಡೆಯುತ್ತಿದ್ದುದು ಹಳೆಯ ನಗರದೊಳಗಿನ ಒಂದು ಅಂಗಳದ ಮನೆಯಲ್ಲಿ. ಬೇರೆ ಬೇರೆ ದೇಶಗಳ ಎಂಟು ಮಂದಿ. ಅವರಲ್ಲೊಬ್ಬಾಕೆಯ ಹೆಸರನ್ನಾಗಲಿ ದೇಶವನ್ನಾಗಲಿ ನಾನಿಲ್ಲಿ ಹೇಳುವುದಿಲ್ಲ. ಸಮುದ್ರ ದಾಟಿ ಬಂದು ಹೇಳಿದರೂ ಪರನಿಂದೆ ಪರನಿಂದೆಯೇ ತಾನೇ? ಆಕೆ ಕೆಟ್ಟವರಲ್ಲ. ಆದರೆ ನಾನೊಂದು ವಾಕ್ಯ ಆರಂಭಿಸಿದರೆ ಅದನ್ನು ಮುಗಿಸುತ್ತಿದ್ದುದು ಆಕೆ. ಉಸ್ತಾದರು ನನ್ನನ್ನು ಪ್ರಶ್ನಿಸಿದರೆ ಉತ್ತರ ಆಕೆಯದು. ನನ್ನ 'ದಾದ್' ಅಕ್ಷರದ ಉಚ್ಚಾರಣೆಯನ್ನು ಎಲ್ಲರ ಮುಂದೆ ಮೂರು ಸಲ ತಿದ್ದುತ್ತಿದ್ದರು. ಬಿಡುವಿನ ವೇಳೆಯಲ್ಲಿ ನನ್ನ ಪತಿಯ ಸಂಬಳ, ನಾನು ಕಟ್ಟಿದ ಶುಲ್ಕ, ನನ್ನ ಚಪ್ಪಲಿಯ ಬೆಲೆಯ ವಿಚಾರಣೆ. ಬೆಳಿಗ್ಗೆ ಬೂಜಲೂದ್ ಬಾಗಿಲಿನಲ್ಲಿ ಕಾದು ನಿಂತು, ತರಗತಿಯವರೆಗೂ ಒಂದೇ ಸಮನೆ ಮಾತು.

ನಿಮ್ಮ ಕುಟುಂಬದಲ್ಲೂ ನೆರೆಯಲ್ಲೂ ಇಂಥವರು ಒಬ್ಬರಿದ್ದೇ ಇರುತ್ತಾರೆ. ಊರಿನಲ್ಲಾದರೆ ಸಹಿಸಿಕೊಂಡು ಹೋಗುತ್ತೇವೆ. ಅಲ್ಲಿ ನನಗೆ ಉಳಿದಿದ್ದುದು ಐದು ವಾರ. ಬಾಯಿ ತೆರೆಯದೆಯೇ ಊರಿಗೆ ಮರಳಿದರೆ ಆ ಎರಡು ಬಳೆಗಳಿಗೆ ಏನು ಉತ್ತರ ಹೇಳಲಿ?

ಎರಡನೇ ವಾರ ಒಂದು ದಿನ, ಬೇರೆ ಯಾರೂ ಇಲ್ಲದಾಗ ಆಕೆಗೆ ನೇರವಾಗಿ ಹೇಳಿದೆ: "ಸಹೋದರಿ, ನನ್ನ ವಾಕ್ಯವನ್ನು ನಾನೇ ಮುಗಿಸುತ್ತೇನೆ. ತಪ್ಪಿದ್ದರೆ ಆಮೇಲೆ ತಿದ್ದಿ." ಆಕೆ ನಕ್ಕು ಒಪ್ಪಿದರು. ಎರಡು ದಿನ ಸುಮ್ಮನಿದ್ದರು, ಮೂರನೇ ದಿನ ಮತ್ತೆ ಮೊದಲಿನಂತೆಯೇ ಆಯಿತು. ಸ್ವಭಾವ ಎಂಬುದು ಅಷ್ಟು ಸುಲಭವಾಗಿ ಬದಲಾಗುವುದಿಲ್ಲ. ಆಗ ನಾನು ಎರಡು ಕೆಲಸ ಮಾಡಿದೆ. ತರಗತಿಯಲ್ಲಿ ಕೊನೆಯ ಸಾಲಿಗೆ ಹೋಗಿ ಕುಳಿತೆ. ಬೆಳಿಗ್ಗೆಯ ದಾರಿ ಬದಲಿಸಿದೆ.

ಬೂಜಲೂದ್ ಬಾಗಿಲಿನಿಂದ ಒಳಗೆ ಇಳಿಯುವ ಮುಖ್ಯ ಬೀದಿಗಳು ಎರಡು. 'ತಲಆ ಕಬೀರಾ' ಎಂದರೆ ದೊಡ್ಡ ಏರು, 'ತಲಆ ಸಗೀರಾ' ಎಂದರೆ ಚಿಕ್ಕ ಏರು. ಎರಡೂ ಹೆಚ್ಚುಕಡಿಮೆ ಜೊತೆಜೊತೆಯಾಗಿಯೇ ಸಾಗಿ ನಗರದ ನಡುಭಾಗಕ್ಕೆ ತಲುಪುತ್ತವೆ. ಆಕೆ ದೊಡ್ಡ ಬೀದಿಯಲ್ಲಿ ನಡೆಯುವವರು. ಬಾಗಿಲಿನಲ್ಲಿ ಸಲಾಮ್ ಹೇಳಿ, ಕುಶಲ ಕೇಳಿ, "ನನಗೆ ಈ ಕಡೆ ಸ್ವಲ್ಪ ಕೆಲಸವಿದೆ" ಎಂದು ನಾನು ಚಿಕ್ಕ ಬೀದಿ ಹಿಡಿದೆ. ಅದು ಸುಳ್ಳಾಗಿರಲಿಲ್ಲ. ನನ್ನ ಕೆಲಸ ಅಲ್ಲೇ ಇತ್ತು. ಪುದೀನ ಮಾರುವ ಮುದುಕನೊಡನೆ, ನೂಲಿನಂಗಡಿಯವನೊಡನೆ, ರೊಟ್ಟಿಯ ಹಲಗೆ ಹೊತ್ತ ಹುಡುಗನೊಡನೆ ಮಾತು. ನನ್ನ ಗ್ರಂಥದ ಅರಬಿ ಕೇಳಿ ಅವರಿಗೆ ನಗು. ಟಿ.ವಿ. ವಾರ್ತೆ ಓದುವವಳು ತರಕಾರಿ ಕೊಳ್ಳಲು ಬಂದಂತೆ! ಅವರ ಆಡುಮಾತು 'ದಾರಿಜಾ' ಬೇರೆಯೇ. ತುಂಬಾ ಎನ್ನಲು 'ಬಝ್ಝಾಫ್', ಸ್ವಲ್ಪ ಎನ್ನಲು 'ಶ್ವಿಯ್ಯ', ಕುಶಲವೇ ಎನ್ನಲು 'ಲಾ ಬಾಸ್'. ಆದರೂ ನಾನು ತಡವರಿಸಿದಾಗ ಅವರು ಕಾಯುತ್ತಿದ್ದರು. ವಾಕ್ಯ ಮುಗಿಯುವ ತನಕ ಯಾರೂ ನಡುವೆ ಬಾಯಿ ಹಾಕುತ್ತಿರಲಿಲ್ಲ.

ಬಾಗಿಲಿಗೆ ಎರಡು ಬಳೆ

ಇನ್ನು ಅಲ್ಲಿನ ಮನೆಗಳನ್ನು ನೋಡಬೇಕು ನೀವು. ಓಣಿಯ ಕಡೆಗೆ ಬರೀ ಬೋಳು ಗೋಡೆ. ಬಾಗಿಲು ತೆರೆದರೂ ಒಳಗೇನಿದೆ ಎಂದು ಕಾಣದು, ಏಕೆಂದರೆ ಒಳದಾರಿಯನ್ನು ಬಾಗಿಸಿ ಕಟ್ಟಿರುತ್ತಾರೆ. ತಿರುವು ದಾಟಿದರೆ ತೆರೆದ ಅಂಗಳ, ನೀರಿನ ಚಿಲುಮೆ, ಬಣ್ಣ ಬಣ್ಣದ ಹೆಂಚಿನ ಚೂರುಗಳನ್ನು ಕೂಡಿಸಿ ಮಾಡಿದ 'ಝಲೀಜ್' ಅಲಂಕಾರ. ಹಳೆಯ ದೊಡ್ಡ ಬಾಗಿಲುಗಳಿಗೆ ತಟ್ಟುವ ಬಳೆಗಳು ಎರಡು. ಒಂದು ಮನೆಯವರಿಗೆ, ಇನ್ನೊಂದು ಹೊರಗಿನವರಿಗೆ. ಯಾವ ಸದ್ದು ಬಂತು ಎಂಬುದರ ಮೇಲೆ ಒಳಗಿನ ಹೆಂಗಸರು ತಲೆಗೆ ಬಟ್ಟೆ ಹಾಕಿಕೊಳ್ಳಬೇಕೋ ಬೇಡವೋ ಎಂದು ತಿಳಿಯುತ್ತಿದ್ದರಂತೆ.

ಹಾಗೆಂದು ನೆರೆಹೊರೆಯವರು ದೂರವೇ? ಇಲ್ಲ. ಪ್ರತಿ ಕೇರಿಗೆ ಐದು ಸಂಗತಿಗಳಿರಬೇಕೆಂಬುದು ಆ ನಗರದ ಹಳೆಯ ಪದ್ಧತಿ. ಮಸೀದಿ, ಮಕ್ಕಳು ಕುರ್‌ಆನ್ ಕಲಿಯುವ ಶಾಲೆ, ನೀರಿನ ಕಾರಂಜಿ, ಸ್ನಾನಗೃಹ ಮತ್ತು ರೊಟ್ಟಿ ಸುಡುವ ಒಲೆಮನೆ. ಲಲ್ಲಾ ಬೆಳಿಗ್ಗೆ ಹಿಟ್ಟು ಕಲಸಿ, ತಟ್ಟಿ, ಹಲಗೆಯ ಮೇಲಿಟ್ಟು ಬಟ್ಟೆ ಮುಚ್ಚಿ ಒಲೆಮನೆಗೆ ಕಳಿಸುತ್ತಿದ್ದರು. ಕೇರಿಯ ಎಲ್ಲರ ರೊಟ್ಟಿಯೂ ಒಂದೇ ಒಲೆಯಲ್ಲಿ ಬೇಯುತ್ತದೆ. ಯಾವ ರೊಟ್ಟಿ ಯಾರ ಮನೆಯದೆಂದು ಅಲ್ಲಿನವನಿಗೆ ನೋಡಿದೊಡನೆ ಗೊತ್ತು. ಒಲೆ ಎಲ್ಲರದು, ಅಡುಗೆಮನೆ ಅವರವರದು. ಇಷ್ಟೊಂದು ಜನ ಇಷ್ಟು ಇಕ್ಕಟ್ಟಿನಲ್ಲಿ ಶತಮಾನಗಳಿಂದ ಬದುಕಲು ಈ ಏರ್ಪಾಡೇ ಕಾರಣವೆಂದು ನನಗನ್ನಿಸುತ್ತದೆ.

ಒಂದು ಮಧ್ಯಾಹ್ನ ಅತ್ತಾರೀನ್ ಮದ್ರಸಕ್ಕೆ ಹೋದೆ. 1325ರಲ್ಲಿ ಪೂರ್ಣಗೊಂಡ ಕಟ್ಟಡ. ಕೆಳಗಿನ ಅಂಗಳದ ದೇವದಾರು ಮರದ ಕೆತ್ತನೆಯನ್ನು ನೋಡಿ ಕಣ್ಣು ತಣಿಯುವುದಿಲ್ಲ. ಮೇಲೆ ಹತ್ತಿದರೆ ವಿದ್ಯಾರ್ಥಿಗಳ ಕೋಣೆಗಳು. ಚಾಪೆ ಹಾಸಿದರೆ ಮುಗಿಯಿತು, ಅಷ್ಟೇ ಜಾಗ. ನಾನು ಓದಿದ ಮದ್ರಸದ ಹಾಸ್ಟೆಲ್ ನೆನಪಾಯಿತು. ಹನ್ನೆರಡು ಪೆಟ್ಟಿಗೆ, ಹನ್ನೆರಡು ಚಾಪೆ, ಒಂದೇ ಕಿಟಕಿ. ಏಳು ಶತಮಾನಗಳ ಹಿಂದೆ ಇಲ್ಲಿ ಓದಿದವರಿಗೂ ಪಕ್ಕದ ಕೋಣೆಯಲ್ಲಿ ಒಬ್ಬ ವಾಚಾಳಿ ಸಹಪಾಠಿ ಇದ್ದಿರಬೇಕು!

ಇಬ್ಬರು ಸಹೋದರಿಯರು, ಎರಡು ದಡ

ಫೆಸ್‌ನ ಚರಿತ್ರೆಯೂ ಇದನ್ನೇ ಹೇಳುತ್ತದೆ. ನದಿಯ ಒಂದು ದಡದಲ್ಲಿ ಸ್ಪೇನಿನ ಕಾರ್ಡೋಬಾದಿಂದ ಬಂದ ನಿರಾಶ್ರಿತರು, ಎದುರು ದಡದಲ್ಲಿ ಟುನೀಶಿಯಾದ ಖೈರವಾನ್‌ನಿಂದ ಬಂದವರು. ಎರಡು ದಡಕ್ಕೂ ಬೇರೆ ಬೇರೆ ಕೋಟೆ, ನಡುವೆ ಜಗಳವೂ ಉಂಟು. ಹನ್ನೊಂದನೇ ಶತಮಾನದಲ್ಲಿ ಮುರಾಬಿತೂನ್ ಅರಸರು ಬಂದು ಎರಡನ್ನೂ ಒಂದೇ ನಗರವಾಗಿ ಮಾಡಿದರು.

ಖೈರವಾನ್‌ನಿಂದ ಬಂದ ಶ್ರೀಮಂತ ವರ್ತಕರೊಬ್ಬರ ಇಬ್ಬರು ಹೆಣ್ಣುಮಕ್ಕಳ ಕತೆ ಅಲ್ಲಿನ ಪ್ರತಿ ಮಗುವಿಗೂ ಗೊತ್ತು. ತಂದೆಯಿಂದ ಬಂದ ಆಸ್ತಿಯಲ್ಲಿ ಫಾತಿಮಾ ಅಲ್‌ಫಿಹ್ರಿ 859ರಲ್ಲಿ ಖರವಿಯ್ಯೀನ್ ಮಸೀದಿಗೆ ಅಡಿಪಾಯ ಹಾಕಿಸಿದರೆಂದು ಚರಿತ್ರೆ ಹೇಳುತ್ತದೆ. ಅವರ ಸಹೋದರಿ ಮರ್ಯಮ್ ಮಸೀದಿ ಕಟ್ಟಿಸಿದ್ದು ಎದುರು ದಡದಲ್ಲಿ, ಆಂದಲುಸಿಗಳ ಕೇರಿಯಲ್ಲಿ. ಫಾತಿಮಾರ ಮಸೀದಿ ಬೆಳೆದು ವಿಶ್ವವಿದ್ಯಾನಿಲಯವಾಯಿತು. ಇಂದಿಗೂ ನಡೆಯುತ್ತಿರುವ ಜಗತ್ತಿನ ಅತ್ಯಂತ ಹಳೆಯ ವಿಶ್ವವಿದ್ಯಾನಿಲಯವೆಂದು ಗಿನ್ನೆಸ್ ದಾಖಲೆ ಗುರುತಿಸುವುದು ಇದನ್ನೇ. ಚರಿತ್ರಕಾರ ಇಬ್ನ್ ಖಲ್ದೂನ್ ತಮ್ಮ ಗ್ರಂಥದ ಪ್ರತಿಯೊಂದನ್ನು ಇಲ್ಲಿನ ಗ್ರಂಥಾಲಯಕ್ಕೆ ಕೊಟ್ಟಿದ್ದರು. ಆ ಗ್ರಂಥಾಲಯವನ್ನು ಇತ್ತೀಚೆಗೆ ಜೀರ್ಣೋದ್ಧಾರ ಮಾಡಿದವರೂ ಫೆಸ್‌ನಲ್ಲೇ ಹುಟ್ಟಿದ ಮಹಿಳೆ, ವಾಸ್ತುಶಿಲ್ಪಿ ಅಝೀಝಾ ಶಾವ್ನಿ. ಹೆಣ್ಣುಮಕ್ಕಳ ಓದಿಗೆ ಹಣವೇಕೆ ಎನ್ನುವವರಿಗೆ ಈ ಊರಿನ ಹೆಸರು ಹೇಳಿದರೆ ಸಾಕು.

ಮೇ 7ರಂದು ರಮಝಾನ್ ಆರಂಭವಾಯಿತು. ತರಗತಿಯ ವೇಳೆ ಕಡಿಮೆಯಾಯಿತು. ಒಂದು ಸಂಜೆ ಎಲ್ಲ ವಿದ್ಯಾರ್ಥಿಗಳಿಗೂ ಒಟ್ಟಿಗೆ ಇಫ್ತಾರ್. ಖರ್ಜೂರ, ಕಡಲೆ-ಮಸೂರ ಬೇಳೆಯ 'ಹರೀರಾ' ಸೂಪು, ಎಳ್ಳು ಉದುರಿಸಿ ಜೇನಿನಲ್ಲಿ ಅದ್ದಿದ 'ಶಬಾಕಿಯಾ'. ಆಕೆಯ ಬಟ್ಟಲಿಗೆ ನಾನೇ ಹರೀರಾ ಬಡಿಸಿದೆ. ಆಕೆ ಬಟ್ಟಲು ಹಿಡಿದುಕೊಂಡೇ ನನ್ನ ವ್ಯಾಕರಣ ತಿದ್ದಿದರು! ಮಗ್ರಿಬ್ ನಮಾಝನ್ನು ಪಕ್ಕಪಕ್ಕದಲ್ಲಿ ನಿಂತು ಮಾಡಿದೆವು. ಮರುದಿನ ಬೆಳಿಗ್ಗೆ ನಾನು ಮತ್ತೆ ಚಿಕ್ಕ ಬೀದಿ ಹಿಡಿದೆ.

ಇದನ್ನೇಕೆ ಬರೆದೆನೆಂದರೆ, ನಮ್ಮ ಮನೆಗಳಲ್ಲಿ ಕಿರಿಕಿರಿಯವರೊಡನೆ ನಡೆದುಕೊಳ್ಳಲು ಎರಡೇ ಬಗೆ ಗೊತ್ತು. ಒಂದೋ ಹಲ್ಲುಕಚ್ಚಿ ಸಹಿಸುವುದು, ಇಲ್ಲವೇ ಜಗಳವಾಡಿ ಮಾತು ಬಿಡುವುದು. ಮೂರು ದಿನಗಳಿಗಿಂತ ಹೆಚ್ಚು ಮಾತು ಬಿಡಬಾರದು, ಮೊದಲು ಸಲಾಮ್ ಹೇಳುವವರೇ ಉತ್ತಮರು ಎಂಬ ಪ್ರವಾದಿ(ಸ)ರ ಬೋಧನೆ ನಮಗೆಲ್ಲ ತಿಳಿದದ್ದೇ. ಆದರೆ ಸಲಾಮ್ ಹೇಳಿದವರೊಡನೆ ದಿನವಿಡೀ ಕುಳಿತಿರಬೇಕೆಂದು ಯಾರೂ ಹೇಳಿಲ್ಲ. ಸಲಾಮ್, ಕಾಯಿಲೆ-ಕಷ್ಟದಲ್ಲಿ ವಿಚಾರಣೆ, ಊಟದಲ್ಲಿ ಪಾಲು, ಬೆನ್ನ ಹಿಂದೆ ಬಾಯಿ ಕಟ್ಟಿಕೊಳ್ಳುವುದು, ಇವು ಅವರ ಹಕ್ಕು. ನಮ್ಮ ಸಮಯ, ಓದು, ಮನಸ್ಸಿನ ನೆಮ್ಮದಿ ನಮ್ಮ ಹಕ್ಕು. ಓರಗಿತ್ತಿಯಿರಲಿ, ನೆರೆಯವರಿರಲಿ, ನಾದಿನಿಯಿರಲಿ, ಈ ಎರಡರ ನಡುವೆ ಒಂದು ತಿರುವಿನ ಒಳದಾರಿ ಕಟ್ಟಿಕೊಳ್ಳಬಹುದು.

ನಿಮ್ಮ ಮಗಳು ಓದಲು ದೂರದ ಊರಿಗೆ ಹೊರಟಿದ್ದರೆ ಬಟ್ಟೆ, ಉಪ್ಪಿನಕಾಯಿ, ಔಷಧಿಗಳ ಜೊತೆ ಇದನ್ನೂ ಹೇಳಿ ಕಳಿಸಿ: "ಎಲ್ಲರೂ ನಿನಗೆ ಗೆಳತಿಯರಾಗಬೇಕಿಲ್ಲ ಮಗಳೇ, ಯಾರೊಡನೆಯೂ ಸಲಾಮ್ ಮಾತ್ರ ತಪ್ಪಿಸಬೇಡ." ನನ್ನ ಆ ಸಹಪಾಠಿ ಈಗಲೂ ಪ್ರತಿ ಈದ್‌ಗೆ ಸಂದೇಶ ಕಳಿಸುತ್ತಾರೆ. ನಾನು ಅರಬಿಯಲ್ಲೇ ಉತ್ತರಿಸುತ್ತೇನೆ. ಅದರಲ್ಲೂ ಒಂದು ತಪ್ಪು ಹುಡುಕಿ ತಿದ್ದಿ ಕಳಿಸುತ್ತಾರೆ.