ಪರದೇಶದ ಪಂಕ್ತಿ

ಸ್ವದೇಶವನ್ನು ಬಿಟ್ಟು ಹೊರಡುವ ಮನುಷ್ಯನು ಮನೆಯನ್ನು ಬಿಡುತ್ತಾನೆ, ನೆಂಟರಿಷ್ಟರನ್ನು ಬಿಡುತ್ತಾನೆ, ಹೊಸ ನಾಡಿನ ಹವೆಗೆ ತಕ್ಕಂತೆ ಉಡುಪನ್ನೂ ಬದಲಿಸುತ್ತಾನೆ. ಆದರೆ ನಾಲಗೆಯನ್ನು ಮಾತ್ರ ಜೊತೆಯಲ್ಲಿಯೇ ಕೊಂಡೊಯ್ಯುತ್ತಾನೆ. ಹೊಸ ಭಾಷೆಯನ್ನು ಆಡಲು ಕಲಿತ ಅದೇ ನಾಲಗೆ ಹೊಸ ರುಚಿಯನ್ನು ಒಪ್ಪಲು ಬಹುಕಾಲ ಹಟ ಮಾಡುತ್ತದೆ. ಹಗಲೆಲ್ಲ ಕೆಲಸದ ಗಡಿಬಿಡಿಯಲ್ಲಿ ಕಳೆದುಹೋಗಬಹುದು. ಉಣ್ಣುವ ಹೊತ್ತಿಗೆ ಮಾತ್ರ ತಾನು ಪರದೇಶಿ ಎಂಬುದು ನೆನಪಾಗದೆ ಇರದು. ಕನ್ನಡದಲ್ಲಿ ‘ಪರದೇಶಿ’ ಎಂಬ ಮಾತಿಗೆ ಹೊರನಾಡಿನವನು ಎಂಬ ಅರ್ಥವೂ ಇದೆ, ದಿಕ್ಕಿಲ್ಲದವನು ಎಂಬ ಅರ್ಥವೂ ಇದೆ. ಊಟದ ಹೊತ್ತಿನಲ್ಲಿ ಈ ಎರಡು ಅರ್ಥಗಳೂ ಒಂದಾಗಿಬಿಡುತ್ತವೆ.

1888ರ ಸೆಪ್ಟೆಂಬರಿನಲ್ಲಿ ಮೋಹನದಾಸ ಗಾಂಧಿಯವರು ನ್ಯಾಯಶಾಸ್ತ್ರವನ್ನು ಓದಲು ಮುಂಬಯಿಯಲ್ಲಿ ಹಡಗು ಹತ್ತಿದರು. ಆಗ ಅವರಿಗೆ ಹತ್ತೊಂಬತ್ತು ವರ್ಷವೂ ತುಂಬಿರಲಿಲ್ಲ. ಮದ್ಯಮಾಂಸಗಳನ್ನು ಮುಟ್ಟುವುದಿಲ್ಲವೆಂದು ತಾಯಿಗೆ ಮಾತು ಕೊಟ್ಟಿದ್ದರು. ಹಡಗಿನ ಊಟದ ಮೇಜಿನಲ್ಲಿ ಚಾಕು, ಮುಳ್ಳುಚಮಚಗಳನ್ನು ಬಳಸುವ ಬಗೆ ಅವರಿಗೆ ತಿಳಿಯದು. ಯಾವ ಭಕ್ಷ್ಯದಲ್ಲಿ ಮಾಂಸವಿಲ್ಲವೆಂದು ಕೇಳಲು ಸಂಕೋಚ. ಆದ್ದರಿಂದ ಅವರು ತಮ್ಮ ಕೋಣೆಯಲ್ಲಿಯೇ ಕುಳಿತು, ಊರಿನಿಂದ ತಂದಿದ್ದ ಸಿಹಿತಿಂಡಿ ಹಣ್ಣುಗಳಿಂದ ಹೊಟ್ಟೆ ಹೊರೆದರು.

ಲಂಡನ್ನಿಗೆ ಬಂದ ಮೇಲೆಯೂ ಹಸಿವು ಅವರನ್ನು ಬಿಡಲಿಲ್ಲ. ಉಪ್ಪುಕಾರ ಕಾಣದ ಬೆಂದ ಸೊಪ್ಪು, ಬ್ರೆಡ್ಡು, ಹಣ್ಣಿನ ಪಾಕ — ಇವೇ ಅವರ ಪಾಲಿಗೆ ಬಂದ ಊಟ. ಎರಡು ಮೂರು ಚೂರು ಬ್ರೆಡ್ಡು ತಿಂದ ಮೇಲೆ ಮತ್ತೆ ಬೇಕೆನ್ನಲು ನಾಚಿಕೆ. ಓದುಬರಹವಿಲ್ಲದ ತಾಯಿಗೆ ಕೊಟ್ಟ ಮಾತಿಗೆ ಈ ದೇಶದಲ್ಲಿ ಏನು ಬೆಲೆ ಎಂದು ಸ್ನೇಹಿತರೊಬ್ಬರು ದಿನವೂ ವಾದಿಸುತ್ತಿದ್ದರು. ಗಾಂಧಿಯವರು ವಾದದಲ್ಲಿ ಗೆಲ್ಲಲಿಲ್ಲ. ವ್ರತವನ್ನು ಮಾತ್ರ ಬಿಡಲಿಲ್ಲ. ಸಸ್ಯಾಹಾರದ ಊಟದ ಮನೆಯನ್ನು ಹುಡುಕುತ್ತ ದಿನಕ್ಕೆ ಹತ್ತು ಹನ್ನೆರಡು ಮೈಲಿ ಬೀದಿ ಅಲೆದರು. ಕಡೆಗೊಂದು ದಿನ ಫ್ಯಾರಿಂಗ್ಡನ್ ಬೀದಿಯಲ್ಲಿ ಅಂಥದೊಂದು ಊಟದ ಮನೆ ಕಣ್ಣಿಗೆ ಬಿತ್ತು. ಬಾಗಿಲ ಬಳಿ ಮಾರಾಟಕ್ಕಿಟ್ಟಿದ್ದ ಹೆನ್ರಿ ಸಾಲ್ಟ್ ಎಂಬ ಲೇಖಕರ ಪುಸ್ತಕವೊಂದನ್ನು ಒಂದು ಷಿಲಿಂಗಿಗೆ ಕೊಂಡು ಒಳಗೆ ಹೋದರು. ಇಂಗ್ಲೆಂಡಿನಲ್ಲಿ ಅವರು ಹೊಟ್ಟೆತುಂಬ ಮನಸಾರೆ ಉಂಡ ಮೊದಲ ಊಟ ಅದು.

ಅಲ್ಲಿ ಅವರಿಗೆ ದೊರೆತದ್ದು ಊಟವೊಂದೇ ಅಲ್ಲ. ತಮ್ಮಂತೆಯೇ ಮಾಂಸವನ್ನು ತ್ಯಜಿಸಿದ ಆಂಗ್ಲರು ಆ ಊರಿನಲ್ಲಿ ಅನೇಕರಿದ್ದಾರೆಂಬುದು ತಿಳಿಯಿತು. ಅವರ ಸಂಘವನ್ನು ಸೇರಿ ಅದರ ಕಾರ್ಯಸಮಿತಿಯ ಸದಸ್ಯರೂ ಆದರು. ಅಲ್ಲಿಯವರೆಗೆ ತಾಯಿಯ ಸಲುವಾಗಿ ನಡೆಸಿಕೊಂಡು ಬಂದ ವ್ರತವು ಈಗ ಅವರ ಸ್ವಂತ ನಂಬಿಕೆಯಾಯಿತು. ಊರಿನಿಂದ ಮಸಾಲೆ ತರಿಸುವುದನ್ನು ನಿಲ್ಲಿಸಿದರು. ಹಿಂದೆ ಸಪ್ಪೆಯೆಂದು ದೂರಿದ್ದ ಬೆಂದ ಸೊಪ್ಪೇ ರುಚಿಸತೊಡಗಿತು. ರುಚಿಯ ನೆಲೆ ನಾಲಗೆಯಲ್ಲ, ಮನಸ್ಸು ಎಂಬ ತಿಳಿವು ಅವರಿಗೆ ಮೂಡಿದುದು ಹೀಗೆ.

ಇದಾದ ಕಾಲು ಶತಮಾನದ ಬಳಿಕ, 1914ರ ವಸಂತದಲ್ಲಿ, ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಅವರು ಕೇಂಬ್ರಿಜ್ಜಿಗೆ ಬಂದರು. ಅವರೂ ಕಟ್ಟುನಿಟ್ಟಾದ ಸಸ್ಯಾಹಾರಿ. ಟ್ರಿನಿಟಿ ಕಾಲೇಜಿನ ಭೋಜನಶಾಲೆಯಲ್ಲಿ ಎಲ್ಲರೂ ಒಟ್ಟಿಗೆ ಉಣ್ಣುವಾಗ ರಾಮಾನುಜನ್ನರು ತಮ್ಮ ಕೋಣೆಯಲ್ಲಿ ತಾವೇ ಅಡುಗೆ ಮಾಡಿಕೊಳ್ಳುತ್ತಿದ್ದರು. ಒಮ್ಮೆ ಅವರು ಒಲೆಯ ಮೇಲಿನ ತರಕಾರಿಯನ್ನು ಕೈಯಾಡಿಸುತ್ತಿದ್ದಾಗ, ಸ್ನೇಹಿತರಾದ ಪ್ರಶಾಂತಚಂದ್ರ ಮಹಾಲನೋಬಿಸರು ಪತ್ರಿಕೆಯೊಂದರಲ್ಲಿದ್ದ ಲೆಕ್ಕದ ಒಗಟನ್ನು ಓದಿ ಹೇಳಿದರು. ರಾಮಾನುಜನ್ನರು ಅಡುಗೆಯ ಕೆಲಸವನ್ನು ಬಿಡದೆಯೇ ಆ ಒಗಟಿಗೂ ಅಂಥ ಎಲ್ಲ ಒಗಟುಗಳಿಗೂ ಒಪ್ಪುವ ಉತ್ತರವನ್ನು ಹೇಳಿಬಿಟ್ಟರಂತೆ.

ಲೆಕ್ಕವು ಅವರಿಗೆ ಸುಲಭವಾಗಿತ್ತು. ಪರದೇಶದ ಬಾಳು ಸುಲಭವಾಗಿರಲಿಲ್ಲ. ಒಮ್ಮೆ ಅವರು ಕೆಲವು ಭಾರತೀಯ ಮಿತ್ರರನ್ನು ಊಟಕ್ಕೆ ಕರೆದು, ತಾವೇ ಮಾಡಿದ ಸಾರನ್ನು ಬಡಿಸಿದರು. ಅತಿಥಿಗಳು ಎರಡನೆಯ ಸಲವೂ ಹಾಕಿಸಿಕೊಂಡರು. ಮೂರನೆಯ ಸಲ ಬಡಿಸಲು ಬಂದಾಗ ಮಹಿಳೆಯರು ಸಾಕೆಂದರು. ಸ್ವಲ್ಪ ಹೊತ್ತಿನಲ್ಲಿ ನೋಡಿದರೆ ಮನೆಯೊಡೆಯರೇ ಕಾಣೆಯಾಗಿದ್ದರು. ಕೆಲವು ದಿನಗಳ ಬಳಿಕ ಆಕ್ಸ್‌ಫರ್ಡಿನಿಂದ, ಹಣ ಕಳುಹಿಸಬೇಕೆಂದು ಕೋರಿ ಅವರ ತಂತಿ ಬಂದಿತು. ತಾನು ಬಡಿಸಿದ್ದನ್ನು ಬೇಡವೆಂದುದು ಅವರ ಮನಸ್ಸನ್ನು ಅಷ್ಟು ನೋಯಿಸಿತ್ತು. ಬೇಡವೆಂದವರಲ್ಲಿ ತಿರಸ್ಕಾರವಿರಲಿಲ್ಲ. ಆದರೆ ತನ್ನವರಿಂದ ದೂರವಾಗಿರುವವನಿಗೆ ತಾನು ಬಡಿಸುವ ಒಂದು ಸೌಟು ಸಾರು ಬರಿಯ ಸಾರಾಗಿರುವುದಿಲ್ಲ; ಅದು ಅವನ ಮನೆ, ಅವನ ತಾಯಿ, ಅವನ ಮಾನ.

ಅಷ್ಟರಲ್ಲಿ ಮೊದಲನೆಯ ಮಹಾಯುದ್ಧವು ಯೂರೋಪನ್ನು ಆವರಿಸಿತ್ತು. ಜರ್ಮನಿಯ ಜಲಾಂತರ್ಗಾಮಿಗಳು ಸರಕಿನ ಹಡಗುಗಳನ್ನು ಮುಳುಗಿಸತೊಡಗಿದವು. ಇಂಗ್ಲೆಂಡಿನಲ್ಲಿ ಆಹಾರವೇ ದುರ್ಲಭವಾಯಿತು. 1917ರಲ್ಲಿ ರಾಮಾನುಜನ್ನರು ಹಾಸಿಗೆ ಹಿಡಿದರು. 1918ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವದ ಗೌರವ ಬಂದಿತು. ಆರೋಗ್ಯ ಮರಳಿ ಬರಲಿಲ್ಲ. 1919ರಲ್ಲಿ ತಾಯ್ನಾಡಿಗೆ ಹಿಂದಿರುಗಿ, 1920ರ ಏಪ್ರಿಲ್ 26ರಂದು, ಮೂವತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಕಾಯಿಲೆಗೆ ಊಟವೊಂದೇ ಕಾರಣವೆನ್ನಲಾಗದು. ಆದರೆ ಒಂಟಿತನದ ಆ ಊಟವು ಅವರ ಬಲವನ್ನು ಹೆಚ್ಚಿಸಿರಲಾರದು.

ಇಬ್ಬರೂ ಕೊಟ್ಟ ಮಾತಿಗೆ, ನಂಬಿದ ನಡೆಗೆ ನಿಷ್ಠರಾದವರೇ. ಒಬ್ಬರಿಗೆ ಪರದೇಶದಲ್ಲಿ ಒಂದು ಪಂಕ್ತಿ ದೊರೆಯಿತು. ಇನ್ನೊಬ್ಬರಿಗೆ ಒಲೆಯ ಮುಂದಿನ ಏಕಾಂತವೇ ಉಳಿಯಿತು. ಹೊಸ ರುಚಿಗೆ ಒಗ್ಗಿಕೊಳ್ಳುವುದು ಬಂದವನ ಪ್ರಯತ್ನದಿಂದಷ್ಟೇ ಆಗುವ ಕೆಲಸವಲ್ಲ. ಪಕ್ಕದಲ್ಲಿ ಕುಳಿತು ಉಣ್ಣುವವರೂ ಬೇಕು. ದೂರದ ನಾಡಿನಿಂದ ಬಂದ ಹುಡುಗನು ಶಾಲೆಯ ಮೂಲೆಯಲ್ಲಿ ಒಬ್ಬನೇ ಕುಳಿತು ಬುತ್ತಿ ಬಿಚ್ಚುತ್ತಿದ್ದರೆ ಅವನಿಗೆ ಬೇಕಾದುದು ದೊಡ್ಡ ಉಪಕಾರವೇನಲ್ಲ. ಯಾರಾದರೊಬ್ಬರು ಅವನ ಪಕ್ಕದಲ್ಲಿ ಕುಳಿತು, ಅವನ ಬುತ್ತಿಯಿಂದ ಒಂದು ತುತ್ತನ್ನು ಕೇಳಿ ಪಡೆದರೆ ಸಾಕು; ಅವನು ಪರದೇಶಿಯಾಗಿ ಉಳಿಯುವುದಿಲ್ಲ.